ಮೊದಲ ಗುಂಡು ಮಾತ್ರ ನೆಟ್ಟಗೆ

ಹಾರ್ಲನ್ ಡಿ ಬ್ರೂಯಿನ್ ಬೇಟೆ ಬಿಡುತ್ತಾನೆ ಎಂಬ ಸುದ್ದಿ ಹೊರಬಿದ್ದದ್ದು ನವೆಂಬರ್ ಮೊದಲ ಭಾನುವಾರ, ಚರ್ಚಿನ ನೆಲಮಾಳಿಗೆಯಲ್ಲಿ, ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ. ಯಾರೂ ಅವನನ್ನು ಏನೂ ಕೇಳಿರಲಿಲ್ಲ. ಅವನೇ ಕಪ್ಪು ಕೆಳಗಿಟ್ಟು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ.

"ಈ ಸಲದಿಂದ ನಾನು ಬರಲ್ಲ ಕಣ್ರೋ. ಕಣ್ಣು ಹೋಯ್ತು. ಮೂರು ವರ್ಷದಿಂದ ಒಂದು ಜಿಂಕೆನೂ ಬಿದ್ದಿಲ್ಲ. ನನ್ನ ಜಾಗ ನೆಲ್ವಾಗೆ."

ನೆಲ್ವಾ ಅವನ ಹೆಂಡತಿಯ ತಂಗಿ. ವಯಸ್ಸು ಐವತ್ಮೂರು, ಮದುವೆಯಾಗಿಲ್ಲ, ಇಪ್ಪತ್ತೊಂಬತ್ತು ವರ್ಷದಿಂದ ಆ ಸೀಮೆಯ ಹಳ್ಳಿರಸ್ತೆಗಳಲ್ಲಿ ಟಪಾಲು ಹಂಚುವವಳು. ಬಾಯಿಗೊಯ್ದ ಪೇಸ್ಟ್ರಿಯನ್ನು ಅವಳು ತಟ್ಟೆಗೆ ವಾಪಸ್ ಇಟ್ಟಳು. ಆ ಜಾಗಕ್ಕೆ ಅವಳು ಹತ್ತೊಂಬತ್ತನೆಯ ವಯಸ್ಸಿನಿಂದ ಕಾದಿದ್ದಳು.

ಆ ಬೇಟೆಯ ತಂಡ ಕಟ್ಟಿದವನು ಅವಳ ಅಪ್ಪ. ಏಳೇ ಜನ, ಒಬ್ಬ ಬಿಟ್ಟರೆ ಮಾತ್ರ ಇನ್ನೊಬ್ಬನಿಗೆ ಪ್ರವೇಶ. ಮೂವರು ಕೂಗುತ್ತಾ ಮುಳ್ಳುಪೊದೆ ತುಳಿದು ಜಿಂಕೆ ಎಬ್ಬಿಸಬೇಕು, ನಾಲ್ವರು ಕಾಡಿನ ಆ ಕೊನೆಯಲ್ಲಿ ಕೋವಿ ಹಿಡಿದು ಕಾಯಬೇಕು. ನಡೆಯುವವರು ಹುಡುಗರು, ಕಾಯುವವರು ಹಿರಿಯರು. ಹಳ್ಳದ ದಂಡೆಯ ಓಕ್ ಮರದ ಬುಡ ಅಪ್ಪನ ಜಾಗ. ಅಪ್ಪ ತೀರಿಕೊಂಡಾಗ ಬೇಲಿಗೂಟದ ಮೇಲಿನ ಡಬ್ಬಿಯನ್ನು ಹೊಡೆದುರುಳಿಸುವ ಮಗಳು ಮನೆಯಲ್ಲೇ ಇದ್ದಳು. ಆದರೂ ಜಾಗ ಹೋದದ್ದು ಅಳಿಯನಿಗೆ, ಕೋವಿಯೂ ಅಳಿಯನಿಗೆ. ಮಗಳ ಪಾಲಿಗೆ ಬಂದದ್ದು ಬಟಾಣಿ ಸೂಪಿನ ಪಾತ್ರೆ. ಮೂವತ್ತನಾಲ್ಕು ಚಳಿಗಾಲ ಅವಳು ಆ ಗಂಡಸರಿಗೆ ಸೂಪು ಬಡಿಸಿದಳು, ಅವರು ಹೊಡೆದ ಜಿಂಕೆಗಳ ಕಥೆ ಕೇಳಿದಳು. ಎಷ್ಟು ಹೊಟ್ಟೆ ಉರಿದಿರಬೇಡ!

"ಕೋವಿ ಮಾತ್ರ ನಿಂದೇ ಆಗ್ಬೇಕು, ಎರವಲು ನಡಿಯಲ್ಲ" ಎಂದ ಹಾರ್ಲನ್. "ತಿಂಗಳ ಕೊನೇಲಿ ಸುಗ್ಗಿಹಬ್ಬ ಆದ್ಮೇಲಿನ ಶನಿವಾರ ಎಪ್ಪತ್ತೈದು ಗಜದಿಂದ ಮೂರು ಗುಂಡು, ಮೂರೂ ಕಾಗದದ ತಟ್ಟೆ ಒಳಗೆ. ಎಲ್ಲರಿಗೂ ಇದ್ದ ನಿಯಮನೇ."

"ನಿಯಮ ನಂಗೆ ಗೊತ್ತು. ಮಾಡಿದ್ದು ನಮ್ಮಪ್ಪ" ಎಂದಳು ನೆಲ್ವಾ.

ಸೋಮವಾರ ಟಪಾಲು ಮುಗಿದದ್ದೇ ವೆಂಡೆಲ್‌ನ ಅಂಗಡಿಗೆ ಹೋದಳು. ಮೀನಿನ ಗಾಳ, ರಬ್ಬರ್ ಬೂಟು, ಕೋವಿ ಎಲ್ಲ ಮಾರುವ ಅಂಗಡಿ.

"ಜಿಂಕೆಗೆ ಒಂದು ಕೋವಿ ಬೇಕು. ಇನ್ನೂರೈವತ್ತು ಡಾಲರ್ ಒಳಗೆ."

"ಅಷ್ಟಕ್ಕೆ ಕೋವಿ ಹಾಕೋ ಚೀಲ ಕೊಡ್ತೀನಿ. ಒಳ್ಳೇ ಚೀಲ" ಎಂದ ವೆಂಡೆಲ್.

"ನಿನ್ನ ಚೀಲದಲ್ಲಿ ನೀನೇ ಕೂತ್ಕೋ. ನಾನು ಕೇಳಿದ್ದಕ್ಕೆ ಉತ್ತರ ಹೇಳು."

ಅಯೋವಾದ ಆ ಭಾಗದಲ್ಲಿ ಜಿಂಕೆಗೆ ರೈಫಲ್ ಎತ್ತುವ ಹಾಗಿಲ್ಲ. ಅಗಲ ಬಾಯಿಯ ಕೋವಿಗೆ ಚರೆಯ ಬದಲು ಹೆಬ್ಬೆರಳ ತುದಿಯಷ್ಟು ದಪ್ಪದ ಒಂದೇ ಸೀಸದ ಗುಂಡು ತುಂಬಿ ಹೊಡೆಯಬೇಕು. ಆ ಕೋವಿಯಲ್ಲಿ ಎರಡು ಜಾತಿ. ಒಂದರ ನಳಿಗೆ ಒಳಗೆ ನುಣುಪು, ಅಗ್ಗ. ಇನ್ನೊಂದರ ನಳಿಗೆಯಲ್ಲಿ ತಿರುಪಿನ ಗೀರು, ದುಬಾರಿ. ವೆಂಡೆಲ್ ಎರಡನ್ನೂ ಮೇಜಿನ ಮೇಲೆ ಮಲಗಿಸಿ ಪುರೋಹಿತನ ಹಾಗೆ ಜಾತಕ ಹೇಳಿದ.

"ನುಣುಪು ನಳಿಗೆಗೆ ಬರೀ ಸೀಸದ ಗುಂಡು. ಗೀರಿನ ನಳಿಗೆಗೆ ಪ್ಲಾಸ್ಟಿಕ್ ಅಂಗಿ ತೊಟ್ಟ ಗುಂಡು. ಅದಲು ಬದಲು ಮಾಡಿದ್ರೆ ಸಂಸಾರ ಕೆಡುತ್ತೆ."

"ಯಾಕೆ ಕೆಡುತ್ತೆ?"

"ಹೊಂದಲ್ಲ, ಅಷ್ಟೇ."

"ಅದೇ, ಯಾಕೆ ಹೊಂದಲ್ಲ?"

ವೆಂಡೆಲ್ ಕನ್ನಡಕ ತೆಗೆದು ಒರೆಸಿದ. "ಇಷ್ಟು ವರ್ಷ ಅಂಗಡಿ ಇಟ್ಟಿದೀನಿ, ಇದನ್ನ ಯಾರೂ ಕೇಳಿಲ್ಲ ಮಾರಾಯ್ತಿ. ತಗೊಳ್ಳೋರು ತಗೊಂಡು ಹೋಗ್ತಾರೆ."

ನೆಲ್ವಾ ಏನೂ ಕೊಳ್ಳದೆ ಬಂದಳು. 'ಅಷ್ಟೇ' ಎಂಬ ಮಾತು ಕೇಳಿದರೆ ಅವಳಿಗೆ ಮೈಯೆಲ್ಲ ತುರಿಕೆ. ಆ ವಾರವೆಲ್ಲ ಟಪಾಲು ಪೆಟ್ಟಿಗೆಗಳ ಬಳಿ ಸಿಕ್ಕ ಗಂಡಸರನ್ನೆಲ್ಲ ಕೇಳಿದಳು. ಪ್ರತಿಯೊಬ್ಬನೂ ತಾನು ಕೊಂಡ ಕೋವಿಯನ್ನೇ ಹೊಗಳಿದ. ಹೆತ್ತವರಿಗೆ ಹೆಗ್ಗಣ ಮುದ್ದು. ಇವರನ್ನು ಕೇಳಿ ಉಪಯೋಗವಿಲ್ಲ, ಇವರ ಗುಂಡುಗಳನ್ನೇ ಕೇಳಬೇಕು ಎಂದು ಅವಳಿಗೆ ಹೊಳೆದದ್ದು ಶುಕ್ರವಾರ ಮಧ್ಯಾಹ್ನ, ಕೌಂಟಿಯವರು ಗುರಿ ಅಭ್ಯಾಸಕ್ಕೆಂದು ಬಿಟ್ಟ ಬಯಲಿನ ಪಕ್ಕ ವ್ಯಾನು ನಿಲ್ಲಿಸಿ ಬುತ್ತಿ ಬಿಚ್ಚಿದಾಗ.

ಬಯಲಿನ ಮೂಲೆಯಲ್ಲಿ ಒಂದು ಕಸದ ಪೀಪಾಯಿ. ಅದರ ತುಂಬ ತೂತು ಬಿದ್ದ ಗುರಿಕಾಗದ. ಬಾಯಲ್ಲಿ ಎಷ್ಟು ಬೇಕಾದರೂ ಕೊಚ್ಚಿಕೊಳ್ಳುವ ಗಂಡಸರು ಗುರಿಕಾಗದದ ಮೂಲೆಯಲ್ಲಿ ಮಾತ್ರ ನಿಜ ಬರೆಯುತ್ತಾರೆ: ಯಾವ ಕೋವಿ, ಯಾವ ತೋಟೆ, ಎಷ್ಟು ಗಜ. ತಮಗೇ ನೆನಪಿರಲೆಂದು ಬರೆದು, ನೋಡಿಕೊಂಡು, ಮುಖ ಸಿಂಡರಿಸಿ ಪೀಪಾಯಿಗೆ ಎಸೆಯುತ್ತಾರೆ. ನೆಲ್ವಾ ಸ್ಯಾಂಡ್‌ವಿಚ್ಚನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಎರಡೂ ಕೈಯಲ್ಲಿ ಪೀಪಾಯಿ ಕೆದಕಿದಳು. ಅರವತ್ತೆರಡು ಕಾಗದ ಸಿಕ್ಕಿತು.

ಅವನ್ನು ಮನೆಯಲ್ಲಿ ನೆಲದ ಮೇಲೆ ಹರಡಿ, ನಾಯಿಯನ್ನು ಹೊರಗೆ ಕಟ್ಟಿ, ಟಪಾಲನ್ನು ಬೀದಿವಾರು ವಿಂಗಡಿಸುವ ಹಾಗೆ ಕೋವಿವಾರು ವಿಂಗಡಿಸಿದಳು. ಸಾವಿರ ಡಾಲರಿನ ಕೋವಿಗಳ ಗುಂಡು ಕೆಲವೆಡೆ ಊಟದ ಎಲೆಯಷ್ಟು ಅಗಲಕ್ಕೆ ಚೆದುರಿದ್ದವು. ಆದರೆ ಒಂದು ಕೋವಿಯ ಕಾಗದ ಒಂಬತ್ತಿದ್ದವು, ಐದು ಬೇರೆ ಬೇರೆ ಕೈಬರಹ, ಒಂಬತ್ತರಲ್ಲೂ ಮೂರು ತೂತು ಅಂಗೈಯೊಳಗೆ. ಯಾವುದಪ್ಪಾ ಇದು ಎಂದು ಓದಿದರೆ, ಮಧ್ಯಕ್ಕೆ ಮುರಿದು ಒಂದೇ ತೋಟೆ ತುಂಬುವ, ದಪ್ಪ ಗೀರುನಳಿಗೆಯ ಒಂಟಿ ಕೋವಿ. ವೆಂಡೆಲ್‌ನ ಅಂಗಡಿಯ ಮೂಲೆಯಲ್ಲಿ ಪೊರಕೆಗಳ ಜೊತೆ ನಿಂತಿದ್ದನ್ನು ಅವಳು ನೋಡಿದ್ದಳು.

ವಿಂಗಡಿಸುವಾಗ ಇನ್ನೂ ನಾಲ್ಕು ಕಾಗದ ಅವಳ ಕೈ ತಡೆದವು. ಹೆಸರಿರಲಿಲ್ಲ. ಆದರೆ ತಾರೀಖಿನ ಏಳರ ನಡುವೆ ಅಡ್ಡಗೆರೆ ಎಳೆಯುವವನು, ತೂತು ತೂತಿಗೂ ಅಂಕಿ ಬರೆಯುವಷ್ಟು ಅಚ್ಚುಕಟ್ಟಿನವನು ಅವಳ ಟಪಾಲು ದಾರಿಯಲ್ಲಿ ಒಬ್ಬನೇ. ನಾಲ್ಕು ಮಂಗಳವಾರ ಭಾವ ಹಾರ್ಲನ್ ಯಾರಿಗೂ ಹೇಳದೆ ಒಬ್ಬನೇ ಬಂದು ಗುಂಡು ಹಾರಿಸಿದ್ದಾನೆ. ನೋಡಿ ಅವಳಿಗೆ ಅಯ್ಯೋ ಅನ್ನಿಸಿತು. ಮೂರನೆಯ ಗುಂಡು ಎಡಕ್ಕೆ ಒಂದು ಗೇಣು, ನಾಲ್ಕನೆಯದು ಕಾಗದದ ಅಂಚಿಗೆ, ಐದನೆಯದು ಕಾಗದದಲ್ಲೇ ಇಲ್ಲ. ಆದರೆ ನಾಲ್ಕೂ ಕಾಗದದಲ್ಲಿ 'ಒಂದು' ಎಂದು ಬರೆದ ತೂತು ಗುರಿಯ ಹೊಟ್ಟೆಯಲ್ಲಿತ್ತು.

ನೆಲ್ವಾ ಕಾಗದಗಳನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ ಎರಡು ದಿನ ನೋಡಿದಳು. ಕಣ್ಣು ಹೋಗಿದ್ದರೆ ಮೊದಲ ಗುಂಡೂ ಹೋಗಬೇಕಿತ್ತಲ್ಲ? ಒಂದು ಗುಂಡಿಗೆ ಕಾಣುವ ಕಣ್ಣು ಐದನೆಯದಕ್ಕೆ ಯಾಕೆ ಕಾಣುವುದಿಲ್ಲ?

ಒಂಟಿ ಕೋವಿ ಕೇಳಿದಾಗ ವೆಂಡೆಲ್ ಹಣೆ ಚಚ್ಚಿಕೊಂಡ. "ಅದಾ? ಸುತ್ತಿಗೆಗಿಂತ ಭಾರ, ಕತ್ತೆಗಿಂತ ಕುರೂಪ. ಒಂದು ತಪ್ಪಿದ್ರೆ ಇನ್ನೊಂದು ತುಂಬೋದ್ರೊಳಗೆ ಜಿಂಕೆ ರಾಜ್ಯದ ಗಡಿ ದಾಟಿ ಮಿಸೌರಿ ಸೇರಿರುತ್ತೆ."

"ಎಷ್ಟು?"

"ಹಳೇದು. ನೂರೆಂಬತ್ತು ಕೊಡು. ನಿಂಗೆ ಅದು ಹೇಳಿದ್ಯಾರು?"

"ನಿನ್ನ ಗಿರಾಕಿಗಳೇ."

ಉಳಿದ ದುಡ್ಡಿಗೆ ಅಂಗಿ ತೊಟ್ಟ ಗುಂಡಿನ ತೋಟೆ ಮೂರು ಬಗೆಯವು ತಂದಳು. ಎರಡು ಬಗೆ ಸುಮಾರಾಗಿದ್ದವು. ಮೂರನೆಯದು, ಹಳದಿ ಡಬ್ಬಿಯದು, ಕಾಫಿ ಕಪ್ಪಿನ ಬಾಯಷ್ಟು ಜಾಗದಲ್ಲಿ ಮೂರು ತೂತು ಮಾಡಿತು. ಭುಜ ನೀಲಿಗಟ್ಟಿತು. ನೆಲ್ವಾ ಬಯಲಲ್ಲಿ ಒಬ್ಬಳೇ ನಿಂತು ಹೋ ಎಂದು ಕೂಗಿದಳು. ಓಕ್ ಮರದ ಬುಡ ಇನ್ನು ಅವಳದೇ.

ತಿಂಗಳ ಕೊನೆಯ ಗುರುವಾರ ಸುಗ್ಗಿಹಬ್ಬದ ಊಟಕ್ಕೆ ಅಕ್ಕ ಗ್ಲೆಂಡಾಳ ಮನೆಯಲ್ಲಿ ಎಲ್ಲರೂ ಸೇರಿದ್ದರು. ಬೇಯಿಸಿದ ಟರ್ಕಿ ಕೋಳಿ ಕೊಯ್ಯುವ ಹೊತ್ತಿಗೆ ಗ್ಲೆಂಡಾ, "ಕೆಳಗಿಂದ ಬೀಟ್‌ರೂಟ್ ಉಪ್ಪಿನಕಾಯಿ ತಾರೇ" ಎಂದಳು. ನೆಲಮಾಳಿಗೆಯ ಕಪಾಟಿನಲ್ಲಿ ಉಪ್ಪಿನಕಾಯಿ ಭರಣಿಗಳ ಕೆಳಗಿನ ಸಾಲಿನಲ್ಲಿ ತೋಟೆಯ ಡಬ್ಬಿಗಳಿದ್ದವು. ಮಾಸಿದ ರಟ್ಟು, ಎಂದೋ ಮುಚ್ಚಿಹೋದ ಹಾರ್ಡ್‌ವೇರ್ ಅಂಗಡಿಯ ಚೀಟಿ. ಅಂಗಡಿ ಮುಚ್ಚುವ ವಾರ ಅಪ್ಪ ಅರ್ಧ ಬೆಲೆಗೆ ಪೆಟ್ಟಿಗೆಗಟ್ಟಲೆ ಹೊತ್ತು ತಂದಿದ್ದ ಡಬ್ಬಿಗಳು. ಬರೀ ಸೀಸದ ಗುಂಡು, ಅಪ್ಪನ ನುಣುಪು ನಳಿಗೆಯ ಕೋವಿಗೆಂದು ತಂದದ್ದು. ಇನ್ನೂ ಹದಿನಾಲ್ಕು ಡಬ್ಬಿ ಉಳಿದಿದ್ದವು, ಹದಿನೈದನೆಯದು ತೆರೆದಿತ್ತು.

ಪಕ್ಕದ ಗೂಟದಲ್ಲಿ ಹಾರ್ಲನ್‌ನ ಕೋವಿ ತೂಗುತ್ತಿತ್ತು. ಮೂರು ವರ್ಷದ ಹಿಂದೆ ಅವನು ಕೆಲಸದಿಂದ ನಿವೃತ್ತನಾದಾಗ ಗಂಡುಮಕ್ಕಳಿಬ್ಬರೂ ಸೇರಿ ಕೊಡಿಸಿದ ಗೀರುನಳಿಗೆಯ ಭರ್ಜರಿ ಕೋವಿ. ನೆಲ್ವಾ ಅದನ್ನು ಬಿಚ್ಚಿ, ಖಾಲಿಯೆಂದು ಖಾತ್ರಿ ಮಾಡಿಕೊಂಡು, ಬಲ್ಬಿನ ಕಡೆ ಹಿಡಿದು ನಳಿಗೆಯೊಳಗೆ ಇಣುಕಿದಳು. ಗೀರುಗಳೇ ಕಾಣಲಿಲ್ಲ. ತಳ ಹಿಡಿದ ಪಾತ್ರೆಯ ಹಾಗೆ ಒಳಗೆಲ್ಲ ಬೂದುಬಣ್ಣದ ಸೀಸ ಮೆತ್ತಿಕೊಂಡಿತ್ತು.

'ಹೊಂದಲ್ಲ, ಅಷ್ಟೇ' ಎಂದಿದ್ದನಲ್ಲ ವೆಂಡೆಲ್. ಯಾಕೆ ಹೊಂದುವುದಿಲ್ಲ ಎಂಬುದು ಇಲ್ಲಿತ್ತು. ಮೊದಲ ಗುಂಡು ಹೋಗುವಾಗ ನಳಿಗೆ ಶುಭ್ರ. ಆಮೇಲೆ ಒಂದೊಂದು ಗುಂಡೂ ತನ್ನ ಸೀಸವನ್ನು ಗೀರಿಗೆ ಬಳಿದು, ಹಿಂದೆ ಬರುವ ಗುಂಡಿನ ದಾರಿ ಕೆಡಿಸುತ್ತದೆ. ಅಭ್ಯಾಸದ ದಿನ ಮನೆಗೆ ಬಂದು ಹಾರ್ಲನ್ ನಳಿಗೆ ತಿಕ್ಕುತ್ತಿದ್ದ, ಮುಂದಿನ ವಾರ ಮೊದಲ ಗುಂಡು ಮತ್ತೆ ನೆಟ್ಟಗೆ. ಆದರೆ ಬೇಟೆಗೆ ಮುಂಚಿನ ಕೊನೆಯ ಅಭ್ಯಾಸವಾದ ಮೇಲೆ ನಳಿಗೆ ತಿಕ್ಕಬಾರದೆಂದು ಆ ತಂಡದಲ್ಲಿ ಮೊದಲಿನಿಂದ ನಂಬಿಕೆ. ಜಿಂಕೆ ಎದುರು ಬರುವ ದಿನ ಅವನ ಕೋವಿಯ ಗಂಟಲು ಕಟ್ಟಿಯೇ ಇರುತ್ತಿತ್ತು. ಹಳೆಯದು ಖರ್ಚಾಗದೆ ಹೊಸದು ಕೊಳ್ಳುವುದು ಪಾಪ ಎಂದು ನಂಬಿದ, ಹಾರ್ಲನ್‌ನಂಥ ಡಚ್ ಮೂಲದವರಿಗೆ ಮಾತ್ರ ಸಾಧ್ಯವಾಗುವ ತಪ್ಪು ಇದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ನಿಜಕ್ಕೂ ಡೊಂಕಿತ್ತು, ಕುಣಿಯುವವನು ಪಾಪ ತನ್ನ ಕಾಲನ್ನೇ ಬೈದುಕೊಳ್ಳುತ್ತಿದ್ದ.

ನೆಲ್ವಾಗೆ ಮೊದಲು ನಗು ಬಂತು. ಹಿಂದೆಯೇ ಲೆಕ್ಕ ಹೊಳೆಯಿತು. ಇದನ್ನು ಹೇಳಿದರೆ ಭಾವ ಬೇಟೆ ಬಿಡುವುದಿಲ್ಲ. ಅವನು ಬಿಡದಿದ್ದರೆ ಅವಳಿಗೆ ಜಾಗವಿಲ್ಲ. ಹೇಳದಿದ್ದರೆ ಕೇಳುವವರಾರು? ಅವಳು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ, ಉಪ್ಪಿನಕಾಯಿ ತೆಗೆದುಕೊಂಡು ಮೇಲೆ ಹೋದರೆ ಸಾಕಿತ್ತು.

ಹಾಗೇ ಮಾಡಿದಳು. ಊಟದ ಮೇಜಿನಲ್ಲಿ ಹಾರ್ಲನ್ ಟರ್ಕಿಯ ತುಂಡನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಮೂರು ವರ್ಷದಿಂದ ಅವನು ಎಲ್ಲವನ್ನೂ ಹಾಗೆ ಅನುಮಾನದಿಂದಲೇ ನೋಡುತ್ತಿದ್ದ. ಕಣ್ಣಿನ ಡಾಕ್ಟರ ಬಳಿ ಹೋಗು ಎಂದರೆ, "ವಯಸ್ಸಾಗಿದೆ ಅಂತ ಹೇಳೋಕೆ ಅವನಿಗ್ಯಾಕೆ ದುಡ್ಡು ಕೊಡ್ಲಿ?" ಎನ್ನುತ್ತಿದ್ದ. ನೆಲ್ವಾಗೆ ಅವನ ಮೇಲೆ ಮರುಕ ಹುಟ್ಟಿತು, ಮರುಕ ಹುಟ್ಟಿಸಿದ್ದಕ್ಕೆ ಅವನ ಮೇಲೆಯೇ ಸಿಟ್ಟು ಬಂತು.

ಶನಿವಾರ ಬಯಲಿನಲ್ಲಿ ತಂಡವೆಲ್ಲ ಸೇರಿತು. ನೆಲ್ವಾಳ ಕೋವಿ ನೋಡಿ ಹುಡುಗರು ಮುಸಿಮುಸಿ ನಕ್ಕರು. ಮೂರು ಗುಂಡು ಹಾರಿದ ಮೇಲೆ ಒಬ್ಬ ಓಡಿಹೋಗಿ ತಟ್ಟೆ ತಂದ. ಮೂರೂ ತೂತು ನಡುಮಧ್ಯೆ, ಒಂದಕ್ಕೊಂದು ತಾಗುವಂತೆ. ನಗು ನಿಂತಿತು.

"ಸೈ" ಎಂದ ಹಾರ್ಲನ್. "ಜಾಗ ನಿಂದು ಕಣೇ." ಕೈಗವಸು ತೆಗೆದು ಕೈ ಮುಂದೆ ಚಾಚಿದ.

ಆ ಕೈ ಹಿಡಿದರೆ ಮುಗಿಯಿತು. ನೆಲ್ವಾ ಹಿಡಿಯಲಿಲ್ಲ.

"ನಿನ್ನ ಕೋವಿ ಎಲ್ಲಿ?"

"ಪಿಕಪ್‌ನಲ್ಲಿದೆ. ಯಾಕೆ?"

"ತಾ ಇಲ್ಲಿ. ಒಂದು ವಿಷಯ ನೋಡ್ಬೇಕು."

ಅವಳು ತನ್ನ ಚೀಲದಿಂದ ತಂತಿಬ್ರಷ್ಷು, ಎಣ್ಣೆ, ಹಳೇ ಬನಿಯನ್ನಿನ ಚೂರು ತೆಗೆದು ಎಲ್ಲರೆದುರಿಗೆ ಅವನ ನಳಿಗೆ ತಿಕ್ಕಲು ಕೂತಳು. ಬೆಳ್ಳಿಕಾಗದದಂಥ ಸೀಸದ ಎಳೆಗಳು ಸುರುಳಿ ಸುರುಳಿಯಾಗಿ ಬಂದವು. ಅರ್ಧ ಗಂಟೆ ತಿಕ್ಕಿದಳು. ಆಮೇಲೆ ಹಳದಿ ಡಬ್ಬಿ ಅವನ ಮುಂದೆ ಸರಿಸಿದಳು. ಇಬ್ಬರದೂ ಹನ್ನೆರಡು ಬೋರಿನ ಕೋವಿ, ಒಂದರ ತೋಟೆ ಇನ್ನೊಂದಕ್ಕೂ ಆಗುತ್ತದೆ.

"ಐದು ಹೊಡಿ. ಅಪ್ಪನ ತೋಟೆ ಬೇಡ, ಇದು."

"ಹುಚ್ಚಾ ನಿಂಗೆ? ಇದು ಒಂದೊಂದಕ್ಕೆ ಎರಡೆರಡು ಡಾಲರು!"

"ದುಡ್ಡು ನಂದು. ಹೊಡಿ ಸುಮ್ನೆ."

ಹಾರ್ಲನ್ ಹೊಡೆದ. ಮೊದಲನೆಯದು ತಟ್ಟೆಯೊಳಗೆ. ಎರಡನೆಯದು, ಮೂರನೆಯದು. ಐದೂ ತಟ್ಟೆಯೊಳಗೆ. ಅವನು ಕೋವಿ ಕೆಳಗಿಟ್ಟು, ಗುರಿಯ ತನಕ ನಡೆದು, ತಟ್ಟೆ ಕೈಗೆತ್ತಿಕೊಂಡು ಬೆರಳಿನಿಂದ ಒಂದೊಂದು ತೂತನ್ನೂ ಮುಟ್ಟಿ ನೋಡಿದ.

"ಕಣ್ಣು ಸರಿಯಾಗೇ ಇದೆ" ಎಂದ, ಯಾರಿಗೋ ಅಲ್ಲ, ತನಗೇ. ಮುಖ ಅರಳಿತು, ಕೆಂಪಾಯಿತು, ಹತ್ತು ವರ್ಷ ಇಳಿಯಿತು. "ಹಾಗಾದ್ರೆ ನಾನ್ಯಾಕೆ ಬಿಡ್ಲಿ! ಬರೋ ಶನಿವಾರ ಆರು ಗಂಟೆಗೆ ಕಣ್ರೋ, ಎಲ್ಲರೂ!"

ಉಳಿದವರು ತಮ್ಮ ತಮ್ಮ ಬೂಟು ನೋಡಿಕೊಂಡರು. ಹಾರ್ಲನ್‌ಗೆ ಅದೂ ಕಾಣಲಿಲ್ಲ, ಸಂತೋಷದಲ್ಲಿ ಪಿಕಪ್ ಹತ್ತಿ ಹೊರಟೇಹೋದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನೆಲ್ವಾ ಕೋವಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಮನೆಗೆ ಬಂದು, ಗೋಡೆಯ ಕಾಗದಗಳನ್ನೆಲ್ಲ ಕಿತ್ತು ಒಲೆಗೆ ಹಾಕಿ, ಮನಸಾರೆ ಅತ್ತಳು. ತಾನೇ ಕೈಯಾರೆ ಕೆಡಿಸಿಕೊಂಡೆನಲ್ಲ ಎಂದು ತನ್ನನ್ನೂ ಬೈದುಕೊಂಡಳು, ಒಂದು ಧನ್ಯವಾದವನ್ನೂ ಹೇಳದ ಆ ಮೂಢನನ್ನೂ ಬೈದಳು.

ವಾರವೆಲ್ಲ ಹಾರ್ಲನ್ ಮನೆಯ ಪೆಟ್ಟಿಗೆಗೆ ಟಪಾಲು ತುರುಕಿ ತಿರುಗಿಯೂ ನೋಡದೆ ಹೋದಳು. ಶುಕ್ರವಾರ ಮಧ್ಯಾಹ್ನ ಪೆಟ್ಟಿಗೆಯ ಪಕ್ಕದಲ್ಲಿ ಅವನೇ ನಿಂತಿದ್ದ. ಕಿವಿ ಚಳಿಗೆ ಕೆಂಪಗಾಗಿತ್ತು.

"ಗ್ಲೆಂಡಾ ಮಾತಾಡ್ತಿಲ್ಲ ನನ್ ಹತ್ರ. ಆರು ದಿನ ಆಯ್ತು."

"ಒಳ್ಳೇದಾಯ್ತು. ನಿನ್ನ ಕರೆಂಟ್ ಬಿಲ್ಲು, ತಗೋ."

"ನಿಂಗೆ ಯಾವಾಗ ಗೊತ್ತಾಯ್ತು? ತೋಟೆ ವಿಷಯ?"

"ಗುರುವಾರ. ಉಪ್ಪಿನಕಾಯಿ ತರೋಕೆ ಹೋದಾಗ."

"ಶನಿವಾರ ಸುಮ್ನಿದ್ದಿದ್ರೆ ಜಾಗ ನಿಂದಾಗಿತ್ತಲ್ಲೇ."

"ಆಗಿತ್ತು."

"ಮತ್ಯಾಕೆ ಬಾಯಿ ಬಿಟ್ಟೆ?"

ನೆಲ್ವಾ ಎಂಜಿನ್ ಆರಿಸಿದಳು. ಒಳ್ಳೆಯ ಉತ್ತರ ಕೊಡಬೇಕೆಂದು ಅವಳಿಗೂ ಆಸೆಯಿತ್ತು. ಆದರೆ ನಿಜ ಬೇರೆಯೇ ಇತ್ತು. "ನಾನು ಅಂದ್ಕೊಂಡಿದ್ದು ಸರಿಯೋ ತಪ್ಪೋ ಅಂತ ಗೊತ್ತಾಗ್ಬೇಕಿತ್ತು. ನೀನು ಹೊಡೀದೆ ಗೊತ್ತಾಗ್ತಿರ್ಲಿಲ್ಲ. ಮತ್ತೆ... ನೀನು ಟರ್ಕಿ ತುಂಡನ್ನ ಕಣ್ಣಿಗೆ ಹಿಡ್ಕೊಂಡು ನೋಡ್ತಿದ್ದೆಯಲ್ಲ, ಅದನ್ನ ನೋಡೋಕಾಗ್ಲಿಲ್ಲ."

ಹಾರ್ಲನ್ ಬಿಲ್ಲಿನ ಲಕೋಟೆಯನ್ನು ಮಡಿಸಿ ಜೇಬಿಗೆ ತುರುಕಿದ.

"ನಾಳೆ ಓಕ್ ಮರದ ಹತ್ರ ನೀನು ನಿಂತ್ಕೋ. ನಾನು ಹುಡುಗರ ಜೊತೆ ನಡೀತೀನಿ."

"ಅರವತ್ತೆಂಟಾಯ್ತು ನಿಂಗೆ. ಆ ಮುಳ್ಳಲ್ಲಿ ಬಿದ್ರೆ ಎತ್ತೋರ್ಯಾರು?"

"ನಂಗೆ ಭಯ ಇದ್ದಿದ್ದು ಕಣ್ಣಿಂದು. ಕಾಲು ಗಟ್ಟಿಯಾಗಿದೆ."

"ಎಂಟು ಜನ ಆಗ್ತೀವಲ್ಲ. ಏಳೇ ಅಂತ ನಿಯಮ."

"ಏಳು ಅಂತ ಏನು ಬೈಬಲ್‌ನಲ್ಲಿ ಬರ್ದಿದ್ಯಾ?"

"ಬೇಕಾದಷ್ಟು ಕಡೆ ಬರ್ದಿದೆ."

ಹಾರ್ಲನ್ ಯೋಚಿಸಿ ನೋಡಿದ, ಹೌದಲ್ಲ ಎಂದು ಜೋರಾಗಿ ನಕ್ಕ. ನೆಲ್ವಾಗೂ ನಗು ತಡೆಯಲಾಗಲಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ ಅವಳು ಓಕ್ ಮರಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ತೊಗಟೆ ತಣ್ಣಗಿತ್ತು, ಕಿತ್ತಳೆ ಬಣ್ಣದ ಹೊಸ ಕೋಟು ಸರಬರ ಸದ್ದು ಮಾಡುತ್ತಿತ್ತು. ದೂರದಲ್ಲಿ ನಡೆಯುವವರ ಕೂಗೆದ್ದಿತು. ಹುಡುಗರ ಚೂಪು ದನಿಗಳ ನಡುವೆ ಒಂದು ಹಳೆಯ ಒರಟು ದನಿ ಮುಳ್ಳಿಗೆ ಬೈಯುತ್ತಾ, ಜಿಂಕೆಯನ್ನು ಕರೆಯುತ್ತಾ ಅವಳ ಕಡೆಗೇ ಬರುತ್ತಿತ್ತು. ಕೂಗು ಹತ್ತಿರವಾದಾಗ ಪೊದೆ ಅಲುಗಿತು. ಗಂಡು ಜಿಂಕೆ, ದೊಡ್ಡ ಕೊಂಬು, ನಲವತ್ತು ಹೆಜ್ಜೆಯಲ್ಲಿ ನಿಂತು ಅವಳನ್ನೇ ನೋಡಿತು.

ನೆಲ್ವಾ ಕೋವಿ ಎತ್ತಿ ಟ್ರಿಗರ್ ಒತ್ತಿದಳು. ಏನೂ ಆಗಲಿಲ್ಲ. ಒಂಟಿ ಕೋವಿಗೆ ಮೊದಲು ಬೆನ್ನಿನ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಎಳೆಯಬೇಕು. ಬಯಲಿನಲ್ಲಿ ಎಷ್ಟೋ ಸಲ ಎಳೆದವಳಿಗೆ ಈಗ ಅದು ಮರೆತೇಹೋಗಿತ್ತು. ನೆನಪಾಗಿ ಎಳೆದು ಹೊಡೆಯುವಷ್ಟರಲ್ಲಿ ಜಿಂಕೆ ಜಿಗಿದಿತ್ತು, ಗುಂಡು ಅದರ ಬೆನ್ನಿನ ಮೇಲಿಂದ ಹಾದು ಹಳ್ಳದ ಆಚೆ ದಂಡೆಯ ಮಣ್ಣಿಗೆ ಹೊಕ್ಕಿತು. ಕೋವಿಗಳ ಬಗ್ಗೆ ಇಷ್ಟೆಲ್ಲ ಕಲಿತವಳಿಗೆ ತನ್ನ ಎದೆಬಡಿತದ ಬಗ್ಗೆ ಏನೂ ಗೊತ್ತಿರಲಿಲ್ಲ.

ಹಾರ್ಲನ್ ಪೊದೆ ಸೀಳಿಕೊಂಡು ಬಂದ. ಕೆನ್ನೆಯಲ್ಲಿ ರಕ್ತದ ಗೀರು, ಪ್ಯಾಂಟು ಹರಿದಿತ್ತು. ಹಿಂದೆಯೇ ಉಳಿದವರೆಲ್ಲ ಸೇರಿದರು.

"ಎಲ್ಲಿ ಜಿಂಕೆ?"

"ಹೋಯ್ತು." ಅವಳು ಕೋವಿ ಕೆಳಗಿಳಿಸಿದಳು. "ಸುತ್ತಿಗೆ ಎಳೀಲಿಲ್ಲ ನಾನು."

ಹಾರ್ಲನ್ ಜೇಬಿನಿಂದ ಚಾಕು ತೆಗೆದು ಬಿಚ್ಚಿದ, ಮುಖ ಗಂಭೀರ ಮಾಡಿಕೊಂಡ.

"ತಿರುಗು."

ಎದುರಿಗೆ ಸಿಕ್ಕ ಜಿಂಕೆಗೆ ಗುರಿ ತಪ್ಪಿದವನ ಅಂಗಿಯ ಹಿಂದಿನ ಅಂಚು ಕತ್ತರಿಸಿ, ಹೆಸರು ಬರೆದು, ಹಾರ್ಲನ್‌ನ ಕೊಟ್ಟಿಗೆಯ ತೊಲೆಗೆ ಮೊಳೆ ಹೊಡೆಯುವುದು ಆ ತಂಡದ ಪದ್ಧತಿ. ಅಪ್ಪನದೂ ಅಲ್ಲಿ ಎರಡು ತೂಗುತ್ತಿವೆ, ಹಾರ್ಲನ್‌ನವು ಮೂರು. ಸೂಪು ಬಡಿಸುವವಳ ಅಂಗಿಯನ್ನು ಮಾತ್ರ ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ನೆಲ್ವಾ ಕೋಟು ಮೇಲೆತ್ತಿ ಬೆನ್ನು ತಿರುಗಿಸಿದಳು. ಬಟ್ಟೆ ಪರ್ ಎಂದು ಹರಿಯಿತು, ಸೊಂಟಕ್ಕೆ ಚಳಿಗಾಳಿ ತಾಗಿತು, ಗಂಡಸರೆಲ್ಲ ಹೋ ಎಂದು ಕೂಗಿದರು.

"ದೊಡ್ಡದಾಗಿ ಕತ್ತರಿಸೋ" ಎಂದಳು ನೆಲ್ವಾ, ಅಳುತ್ತಾ ನಗುತ್ತಾ. "ಹೆಸರು ಪೂರ್ತಿ ಹಿಡೀಬೇಕು."